ರಾಣಿ ಹಾಕಿದ ಅಗುಳಿ

ಮನೆಯಿಂದ,
ಸೋಮವಾರ ಸಂಜೆ

ಮಾನ್ಯ ಗೈಡ್ ಮಹಾಶಯರಿಗೆ,

ನಮಸ್ಕಾರ. ಇತ್ತ ನಾನು ಕ್ಷೇಮ. ಅತ್ತ ನಿಮ್ಮ ಕ್ಷೇಮವನ್ನು ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಕಣ್ಣಾರೆ ನೋಡಿ ಬಂದಿರುವುದರಿಂದ ಅದರ ಬಗ್ಗೆ ಬರೆದು ತಿಳಿಸಿ ಎಂದು ಕೇಳುವುದಿಲ್ಲ. ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದಿದೆ, ಎಡ ಮಂಡಿ ಹಿಂದಕ್ಕೆ ಬಿದ್ದಿದೆ, ನಾಲಿಗೆ ಮಾತ್ರ ಮೊದಲಿನ ಹಾಗೆಯೇ ಗಟ್ಟಿಮುಟ್ಟಾಗಿದೆ. ಆ ಟೋಪಿ ನಿಮಗೆ ಒಪ್ಪುವುದಿಲ್ಲ. ಅದಕ್ಕೆ ಸಿಕ್ಕಿಸಿಕೊಂಡ ಗರಿಯಂತೂ ಯಾವ ಪಕ್ಷಿಗೂ ಒಪ್ಪುವಂಥದ್ದಲ್ಲ.

ಮಗಳ ಮೂಲಕ ನೀವು ಕೇಳಿ ಕಳಿಸಿದ ಪ್ರಶ್ನೆಗೆ ಉತ್ತರ ಕೊಡಲು ಈ ಪತ್ರ. ಹೋದ ತಿಂಗಳು ಅವಳು ಫೋನ್ ಮಾಡಿದ್ದಳು. ಅಮ್ಮನಿಗೆ ಫೋನ್ ಮಾಡುವುದು ಅವಳಿಗೆ ಕರೆಂಟ್ ಬಿಲ್ ಕಟ್ಟಿದ ಹಾಗೆ, ತಿಂಗಳಿಗೊಂದು ಸಲ ಬೇಗ ಬೇಗ ಮುಗಿಸುವ ಕೆಲಸ. ಆವತ್ತು ಮಾತ್ರ ಸ್ವಲ್ಪ ತಡವರಿಸಿದಳು. ಟೂರ್ ಕಂಪನಿಯವರು ವಯಸ್ಸಾದ ಗೈಡುಗಳನ್ನು ಈ ಸೀಸನ್ ಮುಗಿಯುತ್ತಲೇ ಮನೆಗೆ ಕಳಿಸುತ್ತಾರಂತೆ, ಅಪ್ಪನಿಗೆ ಮಂಡಿ ನೋವಂತೆ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದು ಸಾಕಾಗಿದೆಯಂತೆ, ಮನೆಗೆ ಬಂದುಬಿಡುವ ಮನಸ್ಸಿದೆಯಂತೆ. ಇಷ್ಟೂ ಅಂತೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ತನ್ನದೇ ಒಂದು ಮಾತು ಸೇರಿಸಿದಳು.

"ಬಾಗಿಲು ಹಾಕಿದೋಳು ನೀನು. ತೆಗೀಬೇಕಾದೋಳೂ ನೀನೇ ಅಲ್ವಾಮ್ಮಾ?"

ಯೋಚಿಸಿ ಹೇಳುತ್ತೇನೆ ಎಂದೆ. ಅವಳು ನಿಟ್ಟುಸಿರು ಬಿಟ್ಟು ಫೋನ್ ಇಟ್ಟಳು. ಆ ನಿಟ್ಟುಸಿರನ್ನು ನಾನು ಆರು ವರ್ಷಗಳಿಂದ ಕೇಳುತ್ತಿದ್ದೇನೆ. ಅದು ನೀವು ಅವಳಿಗೆ ಕೊಟ್ಟ ಉಡುಗೊರೆ. ಒಂದು ಸಂಜೆ ನೀವು ಕೆಲಸ ಮುಗಿಸಿ ಮನೆಗೆ ಬಂದಿರಂತೆ, ನಾನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆನಂತೆ, ನೀವು ಗಂಟಲು ಹರಿಯುವ ಹಾಗೆ ಕೂಗಿದರೂ ತೆಗೆಯಲಿಲ್ಲವಂತೆ, ಉಟ್ಟ ಬಟ್ಟೆಯಲ್ಲೇ ಬೀದಿಪಾಲಾದಿರಂತೆ. ಮಗಳಿಗೆ, ನಿಮ್ಮ ಅಕ್ಕನಿಗೆ, ಎದುರು ಮನೆಯ ದಂತವೈದ್ಯರಿಗೆ, ಎಲ್ಲರಿಗೂ ಇದನ್ನೇ ಹಂಚಿದ್ದೀರಿ. ಆ ದಂತವೈದ್ಯರು ಹಲ್ಲು ನೋಡಲು ಹೋದಾಗಲೂ ನನ್ನನ್ನು ಒಂದು ಥರ ನೋಡುತ್ತಾರೆ.

ನಡೆದದ್ದು ಏನೆಂದು ನಮ್ಮಿಬ್ಬರಿಗೇ ಗೊತ್ತು. ಹಾಗಾಗಿ ಒಮ್ಮೆಯಾದರೂ ಕಾಗದದ ಮೇಲೆ ಬರಲಿ. ಹಗಲು ಹೊತ್ತು, ನಾನು ಕೆಲಸದ ಮೇಲಿದ್ದೆ. ನೀವು ಚೆನ್ನಾಗಿರುವ ಅಂಗಿಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿಕೊಂಡು, ಇಸ್ತ್ರಿ ಪೆಟ್ಟಿಗೆಯನ್ನೂ ಮರೆಯದೆ ಎತ್ತಿಕೊಂಡು ಹೋದಿರಿ. ಬಾಗಿಲನ್ನು ಬರೀ ಎಳೆದುಕೊಂಡಿದ್ದಿರಿ. ಊಟದ ಮೇಜಿನ ಮೇಲೆ ಮನೆಯ ಕೀಲಿ ಇತ್ತು, ಅದರ ಮೇಲೆ ಒಂದು ಲೋಟ ಬೋರಲು ಹಾಕಿತ್ತು. ಕೀಲಿ ಎದ್ದು ಓಡಿಹೋಗುತ್ತದೆ ಎಂದುಕೊಂಡಿದ್ದಿರೋ ಏನೋ. ಜಗಳವಿರಲಿಲ್ಲ. ಹಿಂದಿನ ದಿನ ನಾವಿಬ್ಬರೂ ಕೂತು ಟಿವಿ ನೋಡಿದ್ದೆವು.

ಹಾಗಾದರೆ ಇಷ್ಟು ವರ್ಷ ನಾನು ಯಾಕೆ ಬಾಯಿ ಬಿಡಲಿಲ್ಲ ಎಂದರೆ, ನಿಮ್ಮ ಸುಳ್ಳು ನನಗೂ ಒಂದು ಥರ ಒಗ್ಗಿತು. ಗಂಡ ಬಿಟ್ಟುಹೋದವಳು ಅನ್ನಿಸಿಕೊಳ್ಳುವುದಕ್ಕಿಂತ ಗಂಡನನ್ನು ಹೊರಗೆ ಹಾಕಿದವಳು ಅನ್ನಿಸಿಕೊಳ್ಳುವುದು ವಾಸಿ ಎನಿಸಿತು. ನಾನು ತಕ್ಕಡಿ ಪರೀಕ್ಷೆಗೆ ಹೋಗುವ ಅಂಗಡಿಯವರು ಮೊದಲಿಗಿಂತ ಹೆಚ್ಚು ಹೆದರತೊಡಗಿದರು. ಗಂಡನನ್ನೇ ಬಿಡದವಳು ನಮ್ಮನ್ನು ಬಿಡುತ್ತಾಳಾ ಎಂದು ಒಬ್ಬ ದಿನಸಿ ವ್ಯಾಪಾರಿ ಹೇಳಿದ್ದು ನನ್ನ ಕಿವಿಗೇ ಬಿತ್ತು. ಮಗಳ ಲೆಕ್ಕದಲ್ಲಿ ಮಾತ್ರ ನಾನು ಮುಳುಗಿಹೋದೆ.

ನನ್ನ ಕೆಲಸದ ಪದ್ಧತಿ ನಿಮಗೆ ಗೊತ್ತೇ ಇದೆ. ತೂಕ ಅಳತೆಯ ಇಲಾಖೆಯವಳು ಬಂದಿದ್ದೇನೆ ಎಂದು ಡಂಗುರ ಹೊಡೆಸಿಕೊಂಡು ನಾನು ಯಾವ ಅಂಗಡಿಗೂ ಹೋಗುವುದಿಲ್ಲ. ಮೊದಲು ಗಿರಾಕಿಯ ಹಾಗೆ ಸಕ್ಕರೆಯನ್ನೋ ಬೇಳೆಯನ್ನೋ ಕೊಳ್ಳುತ್ತೇನೆ. ತೂಕ ಕಡಿಮೆ ಬಂದರೆ ಸುಮ್ಮನೆ, ಇನ್ನೊಂದು ಸಲ ತೂಗಪ್ಪಾ ಎನ್ನುತ್ತೇನೆ. ಮೊದಲ ಸಲ ಕೈ ತಪ್ಪಿರಬಹುದು, ತಕ್ಕಡಿ ತಪ್ಪಿರಬಹುದು, ಗಡಿಬಿಡಿ ಇರಬಹುದು. ಎರಡನೇ ಸಲ ತೂಗುವಾಗ ತಕ್ಕಡಿಯನ್ನು ನೋಡಬೇಕಾಗಿಲ್ಲ, ಮನುಷ್ಯನನ್ನು ನೋಡಿದರೆ ಸಾಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಇದನ್ನೇ ಕಲಿಸುತ್ತೇನೆ. ನಿಮ್ಮ ವಿಷಯದಲ್ಲೂ ಹಾಗೆಯೇ ಮಾಡೋಣ ಎಂದುಕೊಂಡು ನಿಮ್ಮ ಕಂಪನಿಯ ಭಾನುವಾರದ ಬೆಟ್ಟದ ಟೂರಿಗೆ ಆಫೀಸಿನ ಟೈಪಿಸ್ಟ್ ಹೆಸರಿನಲ್ಲಿ ಒಂದು ಸೀಟು ಹಿಡಿದೆ. ಮನುಷ್ಯ ಬದಲಾಗಿದ್ದರೆ ಮನೆಗೆ ಬರಲಿ, ಕೋಣೆ ಖಾಲಿಯೇ ಇದೆ ಎಂದೇ ಹೊರಟಿದ್ದೆ. ಇದು ಸತ್ಯ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನೀವು ನನ್ನನ್ನು ಗುರುತಿಸುತ್ತೀರೆಂಬ ಭಯ ಮೊದಲ ಐದು ನಿಮಿಷ ಮಾತ್ರ ಇತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕವಿತ್ತು, ಧೂಳಿಗೆಂದು ಮಾಸ್ಕ್ ಇತ್ತು, ಚಳಿಗೆ ಕಿವಿ ಮುಚ್ಚುವ ಉಲ್ಲನ್ ಟೋಪಿ ಇತ್ತು. ಅದ್ಯಾವುದೂ ಬೇಕಿರಲಿಲ್ಲ. ಮೈಕು ಹಿಡಿದ ನಿಮಗೆ ಎದುರಿಗಿರುವವರ ಮುಖ ಕಾಣಿಸುವುದೇ ಇಲ್ಲ. ಬಸ್ಸಿನ ನಡುದಾರಿಯಲ್ಲಿ ಪ್ರತಿ ಸೀಟಿನ ತಲೆಯ ಮೇಲೂ ಒಂದೊಂದು ಸಲ ತಟ್ಟುತ್ತ ಜನರನ್ನು ಎಣಿಸಿಕೊಂಡು ಬಂದಿರಿ. ಕಿಟಕಿ ಪಕ್ಕದ ನನ್ನ ಸೀಟಿಗೂ ತಟ್ಟಿದಿರಿ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಉಂಡ ಹೆಂಡತಿ ನಿಮ್ಮ ಅಂಗೈ ಕೆಳಗೆ ಒಂದು ಸಂಖ್ಯೆಯಾಗಿ ಹಾದುಹೋದಳು.

ಬಸ್ಸಿನ ಜನವೂ ನಿಮಗೆ ತಕ್ಕ ಜನವೇ. ಮುಂದಿನ ಸೀಟಿನಲ್ಲಿ ಒಂದೇ ಬಣ್ಣದ ಟೋಪಿ ಹಾಕಿಕೊಂಡ ಗಂಡ ಹೆಂಡತಿ. ಬೆಟ್ಟಕ್ಕೆ ಬೆನ್ನು ತಿರುಗಿಸಿ ಫೋಟೋ ತೆಗೆದುಕೊಳ್ಳುವುದನ್ನು ಬಿಟ್ಟು ದಿನವಿಡೀ ಅವರು ಬೇರೇನೂ ಮಾಡಲಿಲ್ಲ. ಅಷ್ಟು ದೂರ ಬಂದು ಬೆಟ್ಟಕ್ಕೆ ಬೆನ್ನು ತೋರಿಸಿ ಹೋಗುವುದಕ್ಕೆ ಒಂದು ಟೂರು ಯಾಕೆ ಬೇಕೋ. ನನ್ನ ಪಕ್ಕದಲ್ಲಿ ನಿವೃತ್ತ ನರ್ಸ್ ಒಬ್ಬರು ಕೂತಿದ್ದರು. ಊಟದ ಡಬ್ಬಿಯನ್ನು ಮಡಿಲಿನಿಂದ ಕೆಳಗಿಳಿಸದ ಹೆಂಗಸು. ಇಡೀ ಬಸ್ಸಿನಲ್ಲಿ ಸ್ವಲ್ಪ ಬುದ್ಧಿ ಇದ್ದದ್ದು ಅವರಿಗೊಬ್ಬರಿಗೇ, ಅದೂ ಊಟವಾದ ಮೇಲೆ ತಿಳಿಯಿತು.

ಬೆಟ್ಟಗಳ ಬಗ್ಗೆ ನನಗೆ ದೂರಿಲ್ಲ. ಮೇಲೆ ಹತ್ತುತ್ತ ಹೋದಂತೆ ಒಂದರ ಹಿಂದೆ ಒಂದು ಸಾಲು ಎದ್ದು ಬರುತ್ತಿತ್ತು, ಮುಂದಿನದು ಹಸಿರು, ಹಿಂದಿನದು ನೀಲಿ, ಅದರ ಹಿಂದಿನದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಬೆಟ್ಟದ ಬೆನ್ನ ಮೇಲೆ ಹಳೆಯ ಕೋಟೆಯ ಗೋಡೆ ಏಳುತ್ತ ಬೀಳುತ್ತ ಹೋಗಿತ್ತು. ಕೆಳಗೆ, ಒಂದು ಕಾಲದಲ್ಲಿ ಉಪ್ಪು ಹೊತ್ತ ಹೇಸರಗತ್ತೆಗಳು ಹತ್ತುತ್ತಿದ್ದ ಕಲ್ಲುಹಾಸಿನ ದಾರಿ ಇನ್ನೂ ಇದೆ. ಗೊರಸು ತಗುಲಿ ತಗುಲಿ ಕಲ್ಲುಗಳು ನಡುವೆ ಗುಳಿ ಬಿದ್ದಿವೆ. ಇದನ್ನೆಲ್ಲ ಸುಮ್ಮನೆ ನೋಡಲು ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ನೀವು ಮೈಕಿಗೆ ಫೂ ಫೂ ಎಂದು ಊದಿದಿರಿ.

ಮೊದಲು ನಿಲ್ಲಿಸಿದ್ದು ಕಾವಲು ಗೋಪುರದ ಹತ್ತಿರ. ಇಲ್ಲಿ ರಾಜನ ಭಾವಮೈದುನನನ್ನು ಕಾವಲಿಗೆ ಇಟ್ಟಿದ್ದರು, ಅವನು ಶತ್ರು ಬರುವುದನ್ನು ನೋಡುವ ಬದಲು ಅಡುಗೆಮನೆಯಿಂದ ತಟ್ಟೆ ಬರುವುದನ್ನೇ ನೋಡುತ್ತಿದ್ದ, ಇಡೀ ಪಡೆಯ ದಾಸ್ತಾನನ್ನು ಒಂದೇ ತಿಂಗಳಲ್ಲಿ ತಿಂದು ಮುಗಿಸಿದ ಎಂದಿರಿ. ಜನ ಹಲ್ಲು ಕಿರಿದರು. ಆ ಭಾವಮೈದುನ ಕೂತಾಗ ಎಡಗಾಲು ಕುಣಿಸುತ್ತಿದ್ದ ಎಂದು ನೀವು ಸೇರಿಸಿದಾಗ ನನಗೆ ಧಸಕ್ಕೆಂದಿತು. ಎಡಗಾಲು ಕುಣಿಸುವುದು ನನ್ನ ಅಣ್ಣ. ಒಂದು ತಿಂಗಳು ನಮ್ಮ ಮನೆಯಲ್ಲಿದ್ದದ್ದೂ ಅವನೇ. ಪೀಠೋಪಕರಣದ ಶೋರೂಮಿನಲ್ಲಿ ನಿಮಗೆ ಕೆಲಸ ಕೊಡಿಸಿದ್ದು ಯಾರು ಎಂಬುದನ್ನು ಮಾತ್ರ ಇತಿಹಾಸ ಮರೆತಿದೆ.

ಆಗ ನನಗೆ ನಿಮ್ಮ ಕಸುಬಿನ ಗುಟ್ಟು ಅರ್ಥವಾಯಿತು. ಶೋರೂಮಿನಲ್ಲಿ ನೀವು ಮಾಡುತ್ತಿದ್ದದ್ದೂ ಇದನ್ನೇ. ಪ್ಲೈವುಡ್ ಮಂಚಕ್ಕೆ ನೂರು ವರ್ಷದ ತೇಗದ ಕಥೆ ಹೇಳಿ ಸಾಗಹಾಕುತ್ತಿದ್ದಿರಿ. ಈಗ ಸರಕು ಬದಲಾಗಿದೆ, ಅಷ್ಟೆ. ಕೋಟೆಯ ಬಗ್ಗೆ ಓದುವ ಶ್ರಮ ಯಾರಿಗೆ ಬೇಕು? ಮನೆಯಲ್ಲಿ ನಡೆದದ್ದಕ್ಕೆ ಒಂದು ಕಿರೀಟ ಇಟ್ಟರೆ ಚರಿತ್ರೆ ತಯಾರು. ನಿಮ್ಮ ಚರಿತ್ರೆಯಲ್ಲಿ ರಾಜ ಯಾವಾಗಲೂ ಸಹನಾಮೂರ್ತಿ, ಹಾಡು ಬಲ್ಲವನು, ಪ್ರಜೆಗಳಿಗೆ ಅಚ್ಚುಮೆಚ್ಚು. ರಾಣಿ ಯಾರೆಂದು ನಾನು ಊಹಿಸಬೇಕಾಗಿಯೇ ಇರಲಿಲ್ಲ.

ಎರಡನೇ ನಿಲುಗಡೆಯಲ್ಲಿ ಅವಳನ್ನು ಕರೆತಂದಿರಿ. ಕಣಿವೆಯ ಬಾಯಲ್ಲಿ ಎರಡು ಕಲ್ಲುಕಂಬಗಳು, ಮೇಲೊಂದು ಅಡ್ಡತೊಲೆ, ತೊಲೆಗೆ ಮೂರು ಕಲ್ಲಿನ ಬಳೆಗಳು. ಕುರುಡರಿಗೂ ಗೊತ್ತಾಗುತ್ತದೆ, ಅದು ಸುಂಕದ ಕಟ್ಟೆ, ಹೇರುಗಳನ್ನು ತೂಗಿ ಸುಂಕ ಹಾಕುತ್ತಿದ್ದ ಜಾಗ. ನಾನು ಆ ಬಳೆಗಳನ್ನು ನೋಡುತ್ತ ನಿಂತುಬಿಟ್ಟಿದ್ದೆ. ಎಷ್ಟೋ ನೂರು ವರ್ಷಗಳ ಹಿಂದೆ ನನ್ನ ಕೆಲಸ ಮಾಡುತ್ತಿದ್ದ ಯಾರೋ ಒಬ್ಬರು ಇದೇ ಗಾಳಿಯಲ್ಲಿ ನಿಂತು, ಕಡಿಮೆ ತೋರಿಸಿದವನನ್ನು ಇದೇ ಥರ ಬೈದಿರಬೇಕು ಎನಿಸಿ ಖುಷಿಯಾಗಿತ್ತು. ಅಷ್ಟರಲ್ಲಿ ನಿಮ್ಮ ಧ್ವನಿ ಬಂತು.

"ರಾಣಿ ದಿನಾ ಬೆಳಿಗ್ಗೆ ರಾಜನ್ನ ಇಲ್ಲಿ ತೂಗೋಳು. ನಿನ್ನೆಗಿಂತ ಕಡಿಮೆ ಬಂದ್ರೆ, ಮಿಕ್ಕಿದ್ದನ್ನ ಎಲ್ಲಿ ಬಿಟ್ಟು ಬಂದೆ ಅಂತ ಕೇಳೋಳು."

ಟೋಪಿಯ ಗಂಡ ಬಿದ್ದು ಬಿದ್ದು ನಕ್ಕ. ಹೆಂಡತಿಯ ಕಡೆ ನೋಡಿ ಇನ್ನೂ ಸ್ವಲ್ಪ ನಕ್ಕ. ನನ್ನ ಮೈ ಉರಿದುಹೋಯಿತು. ನಿನ್ನ ಜೊತೆ ಬದುಕುವುದು ಎಂದರೆ ದಿನಾ ತಕ್ಕಡಿಯಲ್ಲಿ ಕೂತ ಹಾಗೆ ಎಂದು ಒಮ್ಮೆ ನೀವು ನನಗೆ ಹೇಳಿದ್ದಿರಿ, ಹಾಸಿಗೆಯ ಮೇಲೆ ಕೂತು, ಗೋಡೆಯ ಕಡೆ ನೋಡುತ್ತ. ಆ ಮಾತು ನನ್ನನ್ನು ಎಷ್ಟು ದಿನ ಕೊರೆದಿತ್ತು ಎಂದು ನಿಮಗೆ ಗೊತ್ತಿಲ್ಲ. ತೂಕದ ಮಾತನ್ನು ಕಚೇರಿಯಲ್ಲೇ ಬಿಟ್ಟು ಬರಬೇಕೆಂದು ನಾನು ಎಷ್ಟೋ ಸಂಜೆ ಗೇಟಿನ ಹತ್ತಿರ ನಿಂತು ಉಸಿರು ಎಳೆದುಕೊಂಡು ಒಳಗೆ ಬಂದಿದ್ದೇನೆ. ಆ ಮಾತೇ ಈಗ ಭಾನುವಾರ ಭಾನುವಾರ ಜನರನ್ನು ನಗಿಸುವ ಸರಕು.

ಊಟಕ್ಕೆ ಪಾಳುಬಿದ್ದ ಉಗ್ರಾಣದ ಮೆಟ್ಟಿಲ ಮೇಲೆ ಕೂರಿಸಿದಿರಿ. ನರ್ಸ್ ತಮ್ಮ ಡಬ್ಬಿ ಬಿಚ್ಚಿ ನನ್ನ ಕಡೆಗೂ ತಳ್ಳಿದರು. ಅವರು ಅಗಿಯುತ್ತ ಅಗಿಯುತ್ತ ನಿಧಾನವಾಗಿ ಒಂದು ಮಾತು ಕೇಳಿದರು. "ಬೆಳಗಾಗೆದ್ದು ಗಂಡನ್ನ ತೂಗ್ತಾ ಕೂರೋಕೆ ಆ ರಾಣಿಗೇನು ಬೇರೆ ಕೆಲಸ ಇರ್ಲಿಲ್ವಾ? ಈ ರಾಜ ಏನು ಮಾಡ್ಕೊಂಡಿದ್ದ ಅಂತ ಒಂದ್ಸಲನಾದ್ರೂ ಹೇಳಿದ್ನಾ ಈ ಮನುಷ್ಯ?" ನಾನು ಮಾಸ್ಕ್ ಇಳಿಸಿ ಅವರು ಕೊಟ್ಟದ್ದನ್ನೆಲ್ಲ ತಿಂದೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ತಿಂದೆ. ನೀವು ಅತ್ತ ಡ್ರೈವರನ ಜೊತೆ ನಿಂತು ಮಂಡಿ ತಿಕ್ಕಿಕೊಳ್ಳುತ್ತಿದ್ದಿರಿ. ಮೈಕು ಇಲ್ಲದಾಗ ನೀವು ಬಹಳ ಸಣ್ಣಗೆ ಕಾಣುತ್ತೀರಿ. ನೋಡಿ ಅಯ್ಯೋ ಎನಿಸಿತು, ಸುಳ್ಳು ಹೇಳುವುದಿಲ್ಲ. ಮಂಡಿಗೆ ಬಿಸಿನೀರಿನ ಚೀಲ ಯಾವ ಕಪಾಟಿನಲ್ಲಿದೆ ಎಂದು ನನ್ನ ತಲೆ ತಾನಾಗಿಯೇ ಹುಡುಕತೊಡಗಿತ್ತು.

ಕೊನೆಯ ನಿಲುಗಡೆ ದಿಡ್ಡಿ ಬಾಗಿಲು. ಕೋಟೆಯ ಹಿಂಭಾಗದ ಗೋಡೆಯಲ್ಲಿ ಒಬ್ಬರು ಬಗ್ಗಿ ದಾಟುವಷ್ಟು ಚಿಕ್ಕ ಕಿಂಡಿ, ಆಚೆಗೆ ನೆಟ್ಟಗೆ ಇಳಿಯುವ ಪ್ರಪಾತ, ಪ್ರಪಾತದ ಅಂಚಿನಲ್ಲಿ ಕಾಲುದಾರಿ. ಮರದ ಕದ ಯಾವತ್ತೋ ಹೋಗಿ ಕಲ್ಲಿನ ಚೌಕಟ್ಟು ಮಾತ್ರ ಉಳಿದಿದೆ. ಅದನ್ನು ನೋಡಿದ ಕೂಡಲೇ ಮುಂದೆ ಬರುವುದು ಏನೆಂದು ನನಗೆ ತಿಳಿಯಿತು. ಆದರೂ ಬೇಡ, ಇದೊಂದನ್ನು ಹೇಳಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಣ್ಣನನ್ನು ತಿಂಡಿಪೋತ ಎನ್ನಿ, ನನ್ನನ್ನು ತಕ್ಕಡಿ ಎನ್ನಿ, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಈ ಒಂದು ಸುಳ್ಳಿನಿಂದಲೇ ಅಲ್ಲವೇ ನನ್ನ ಮಗಳು ನನಗೆ ದೂರದ ನೆಂಟಳಾಗಿರುವುದು.

ನೀವು ಟೋಪಿ ತೆಗೆದು ಎದೆಗೆ ಒತ್ತಿಕೊಂಡಿರಿ. ಧ್ವನಿ ತಗ್ಗಿಸಿದಿರಿ. ರಾಜ ಬೇಟೆಯಿಂದ ದಣಿದು ಸಂಜೆ ಬಂದನಂತೆ. ರಾಣಿ ಒಳಗಿನಿಂದ ಅಗುಳಿ ಜಡಿದಿದ್ದಳಂತೆ. ಚಳಿಗಾಳಿಯಲ್ಲಿ ರಾಜ ಅವಳ ಹೆಸರು ಹಿಡಿದು ಕೂಗಿದನಂತೆ. ಬೆಟ್ಟಗಳೆಲ್ಲ ಮರುಕೂಗಿದವಂತೆ, ರಾಣಿ ಮಾತ್ರ ಓಗೊಡಲಿಲ್ಲವಂತೆ. ಟೋಪಿಯ ಹೆಂಡತಿ ಕಣ್ಣೊರೆಸಿಕೊಂಡಳು. ನೀವೂ ನಿಮ್ಮದೇ ಮಾತಿಗೆ ಕರಗಿಹೋದಿರಿ. ಎಷ್ಟೋ ವರ್ಷ ಹೇಳಿ ಹೇಳಿ ಅದು ನಡೆದದ್ದೇ ಎಂದು ನೀವೂ ನಂಬಿಬಿಟ್ಟಿದ್ದೀರೋ ಎಂದು ಒಂದು ಕ್ಷಣ ನನಗೆ ಅನುಮಾನ ಬಂತು.

ನಾನು ಮುಂದೆ ಹೋಗಿ ಆ ಚೌಕಟ್ಟನ್ನು ಕೈಯಿಂದ ಸವರಿ ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಎಡಗಡೆ, ಆಮೇಲೆ ಬಲಗಡೆ. ಹಳೆಯ ಬಾಗಿಲಿಗೆ ಅಗುಳಿ ಎಂದರೆ ಅಡ್ಡಮರ. ಅದರ ತುದಿ ಕೂರಲು ಕಲ್ಲಿನಲ್ಲಿ ತೂತು ಇರಲೇಬೇಕು. ಕಲ್ಲು ಎರಡೂ ಕಡೆ ನುಣ್ಣಗೆ ಇತ್ತು. ಮಾಸ್ಕ್ ತೆಗೆದೆ.

"ಗೋಡೇಲಿ ಅಗುಳಿ ಕೂರೋಕೆ ತೂತೇ ಇಲ್ವಲ್ಲ," ಎಂದೆ. "ಈ ಬಾಗಿಲಿಗೆ ಯಾವತ್ತೂ ಅಗುಳಿ ಇರ್ಲಿಲ್ಲ. ರಾಣಿ ಏನು ಹಾಕಿದ್ಲು?"

ನೀವು ನನ್ನ ಮುಖ ನೋಡಲಿಲ್ಲ, ಮೊದಲು ಧ್ವನಿ ಕೇಳಿದಿರಿ. ಮೈಕು ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು. ಆಮೇಲೆ ಕನ್ನಡಕ, ಉಲ್ಲನ್ ಟೋಪಿ, ನನ್ನ ಬೆರಳು ಇನ್ನೂ ಕಲ್ಲಿನ ಮೇಲಿದ್ದದ್ದು, ಎಲ್ಲವನ್ನೂ ನೋಡಿದಿರಿ. ನಾನು ಯಾವ ಬಾಗಿಲಿನ ಮಾತಾಡುತ್ತಿದ್ದೇನೆ ಎಂದು ಆ ಗುಂಪಿನಲ್ಲಿ ನಿಮಗೊಬ್ಬರಿಗೇ ಗೊತ್ತಿತ್ತು.

"ಹೌದು," ಎಂದಿರಿ, ಮೈಕು ಇಲ್ಲದೆ. "ರಾಣಿ ಬಾಗಿಲು ಹಾಕಿರ್ಲಿಲ್ಲ. ರಾಜ ತಾನಾಗೇ ಹೋದ."

ಯಾಕೆ ಹೋದ ಎಂದು ನರ್ಸ್ ಬಿಡದೆ ಕೇಳಿದರು. ಅದು ರಾಜನಿಗೂ ಸರಿಯಾಗಿ ಗೊತ್ತಿರಲಿಲ್ಲ ಎಂದಿರಿ.

ಆ ಒಂದು ನಿಮಿಷ ನೀವು ನನಗೆ ಗಂಡನಾಗಿ ಕಂಡಿರಿ. ಕ್ಷಮೆ ಕೇಳಬೇಕಾಗಿರಲಿಲ್ಲ, ಕಣ್ಣೀರು ಬೇಕಾಗಿರಲಿಲ್ಲ. ಅಷ್ಟು ಜನರ ಎದುರಿಗೆ ಆ ಎರಡು ಮಾತು ಬಂತಲ್ಲ, ಸಾಕು ಎನಿಸಿತು. ಬಸ್ಸು ಹತ್ತುವ ಮುಂಚೆ ನಿಮ್ಮ ಹತ್ತಿರ ಬಂದು, ಮನೆಗೆ ಬನ್ನಿ, ಮೊದಲು ಮಗಳಿಗೆ ಫೋನ್ ಮಾಡಿ ಇದೇ ಮಾತು ಹೇಳಿ ಎನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಮೊದಲ ಸಲ ಕೈ ತಪ್ಪಿರಬಹುದು ಎಂದೆನಲ್ಲ, ಹಾಗೆ.

ಆದರೆ ಗಿರಾಕಿಗಳಿಗೆ ಸರಕು ಹಿಡಿಸಲಿಲ್ಲ. ಇದೇನು ಇಷ್ಟು ಸಪ್ಪೆ, ಮೊದಲು ಹೇಳಿದ್ದೇ ಚೆನ್ನಾಗಿತ್ತು ಎಂದು ಟೋಪಿಯ ಗಂಡ ಮುಖ ಸಿಂಡರಿಸಿದ. ಕಣ್ಣೊರೆಸಿಕೊಂಡಿದ್ದ ಅವನ ಹೆಂಡತಿಗೆ ಕಣ್ಣೀರು ದಂಡವಾಯಿತೆಂಬ ಸಿಟ್ಟು. ಹಿಂದೆ ಯಾರೋ ಆಕಳಿಸಿದರು. ನಾನು ನಿಮ್ಮನ್ನೇ ನೋಡುತ್ತಿದ್ದೆ. ನಿಮ್ಮ ಕಣ್ಣು ಅವರೆಲ್ಲರ ಮುಖದ ಮೇಲೆ ಓಡಾಡಿತು. ಆ ನೋಟ ನನಗೆ ಚಿರಪರಿಚಿತ. ಮಂಚ ಕೊಳ್ಳದೆ ಎದ್ದು ಹೊರಟ ಗಿರಾಕಿಯನ್ನು ಶೋರೂಮಿನ ಬಾಗಿಲಿನವರೆಗೆ ಹಿಂಬಾಲಿಸುತ್ತಿದ್ದ ನೋಟ ಅದು. ಟೋಪಿ ಮತ್ತೆ ತಲೆಗೇರಿತು, ಮೈಕು ಮತ್ತೆ ಬಾಯಿಗೆ ಬಂತು.

"ಇಲ್ಲೇ ಇರೋದು ಸ್ವಾರಸ್ಯ," ಎಂದಿರಿ. "ತೂತು ಇತ್ತು. ಆಮೇಲೆ ರಾಣೀನೇ ಗಾರೆ ಹಾಕಿಸಿ ಮುಚ್ಚಿಸಿಬಿಟ್ಲು, ತಾನು ಮಾಡಿದ್ದು ಯಾರಿಗೂ ಗೊತ್ತಾಗಬಾರ್ದು ಅಂತ."

ಆಹಾ, ಚಪ್ಪಾಳೆ. ಟೋಪಿಯ ದಂಪತಿ ಓಡಿಬಂದು ಆ ನುಣ್ಣನೆಯ ಕಲ್ಲಿಗೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಎಂಥ ಹೆಂಗಸಪ್ಪಾ ಎಂದು ಒಬ್ಬ ನಾಲಿಗೆ ಲೊಚಗುಟ್ಟಿದ. ನೀವು ನನ್ನ ಕಡೆ ತಿರುಗಲಿಲ್ಲ. ನಾನು ಒಂದು ಮೊಳ ದೂರದಲ್ಲಿ ನಿಂತಿದ್ದೇನೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದೂ ಹೇಳಿದಿರಿ. ಬೆನ್ನ ಹಿಂದೆ ಹೇಳಿದ ಸುಳ್ಳಿಗೆ ಹೆದರಿಕೆಯ ನೆಪವಾದರೂ ಇರುತ್ತದೆ. ಕಣ್ಣೆದುರಿಗೇ ಹೇಳಿದ ಸುಳ್ಳಿಗೆ ಏನು ನೆಪ ಹುಡುಕಲಿ? ಹತ್ತಿಪ್ಪತ್ತು ಅಪರಿಚಿತರು ಮುಖ ಸಣ್ಣಗೆ ಮಾಡಿದರೆಂದು ಹೆಂಡತಿಯ ಸತ್ಯವನ್ನು ಗಾರೆ ಹಾಕಿ ಮುಚ್ಚಿದವರು ನೀವು, ನಿಮ್ಮ ರಾಣಿಯಲ್ಲ.

ಎರಡನೇ ತೂಕ ಮುಗಿಯಿತು. ನಾನು ಹೋಗಿ ಬಸ್ಸಿನಲ್ಲಿ ಕೂತೆ.

ಹೊರಡುವ ಮುಂಚೆ ಮತ್ತೆ ಎಣಿಸಿಕೊಂಡು ಬಂದಿರಿ, ಒಂದೊಂದೇ ಸೀಟಿಗೆ ತಟ್ಟುತ್ತ. ನನ್ನ ಸೀಟಿನ ಹತ್ತಿರ ಕೈ ಮೇಲೆಯೇ ನಿಂತಿತು. ತಟ್ಟಲಿಲ್ಲ. ಎಣಿಕೆ ತಪ್ಪಿಹೋಗಿ ಮೊದಲಿನಿಂದ ಶುರು ಮಾಡಿದಿರಿ, ಮತ್ತೆ ಅಲ್ಲಿಗೇ ಬಂದು ತಪ್ಪಿದಿರಿ. ಕೊನೆಗೆ ಡ್ರೈವರನೇ ಎದ್ದು ಬಂದು ಎಣಿಸಿದ. ಇಳಿಯುವ ದಾರಿಯಲ್ಲಿ ನೀವು ಮೈಕು ಮುಟ್ಟಲಿಲ್ಲ. ಬೆಟ್ಟಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಇಡೀ ದಿನದಲ್ಲಿ ಆ ಟೂರು ಚೆನ್ನಾಗಿದ್ದದ್ದು ಆ ಒಂದು ಗಂಟೆ. ಸ್ಟ್ಯಾಂಡಿನಲ್ಲಿ ನಾನು ಇಳಿಯುವಾಗ ನೀವು ಮೆಟ್ಟಿಲ ಹತ್ತಿರ ನಿಂತು ಏನೋ ಹೇಳಲು ಬಾಯಿ ತೆರೆದಿರಿ. ನಾನು ನಿಲ್ಲಲಿಲ್ಲ. ಅದಕ್ಕೂ ಇನ್ನೊಂದು ಸ್ವಾರಸ್ಯ ಇದ್ದೀತೆಂದು ಹೆದರಿಕೆಯಾಯಿತು.

ನರ್ಸ್ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. ನೀವು ಆ ಮನುಷ್ಯನಿಗೆ ಏನಾಗಬೇಕು ಎಂದು ನೇರವಾಗಿ ಕೇಳಿದರು. ಹಳೆಯ ಗಿರಾಕಿ ಎಂದೆ. ಅವರು ನಂಬಲಿಲ್ಲ, ಹೆಚ್ಚಿಗೆ ಕೆದಕಲೂ ಇಲ್ಲ. ತಮ್ಮ ಫೋನ್ ನಂಬರ್ ಕೊಟ್ಟು ಹೋದರು. ಬರುವ ವಾರ ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದೇನೆ.

ಮನೆಗೆ ಬಂದವಳು ಕೈಕಾಲು ತೊಳೆಯುವ ಮುಂಚೆಯೇ ಮಗಳಿಗೆ ಫೋನ್ ಮಾಡಿದೆ. ಸೂಟ್‌ಕೇಸ್, ಇಸ್ತ್ರಿ ಪೆಟ್ಟಿಗೆ, ಬೋರಲು ಹಾಕಿದ ಲೋಟ, ಎಲ್ಲ ಹೇಳಿದೆ. ಇಸ್ತ್ರಿ ಪೆಟ್ಟಿಗೆಯನ್ನು ಅವಳು ನಿಮ್ಮ ಬಾಡಿಗೆ ಕೋಣೆಯಲ್ಲಿ ನೋಡಿದ್ದಳಂತೆ. ಬೀದಿಪಾಲಾದವರ ಕೈಗೆ ಅದು ಹೇಗೆ ಬಂತೆಂದು ಅವಳಿಗೆ ಈಗ ಹೊಳೆಯಿತು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?" ಎಂದಳು. ಮಾನಕ್ಕೆ ಅಂಜಿದೆ ಎಂದೆ. ಅದೊಂದೇ ಕಾರಣವಲ್ಲ, ಆದರೆ ಮಗಳಿಗೆ ಎಲ್ಲವನ್ನೂ ಹೇಳಲಾಗುವುದಿಲ್ಲ. ಫೋನ್ ಇಡುವಾಗ ಅವಳು ನಿಟ್ಟುಸಿರು ಬಿಡಲಿಲ್ಲ. ಬುಧವಾರ ರಜೆ ಹಾಕಿ ಬರುತ್ತಿದ್ದಾಳೆ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. ಬೇಡ. ನೀವು ಬರುವುದು ಬೇಡ. ಮಂಡಿಗೆ ಒಳ್ಳೆಯ ವೈದ್ಯರನ್ನು ನೋಡಿ, ನಿಮ್ಮ ಅಕ್ಕನ ಮನೆಯ ಮಹಡಿ ಖಾಲಿ ಇದೆಯಂತೆ, ಅಲ್ಲಿಗೆ ಹೋಗಿ. ನನ್ನ ಅಣ್ಣನಿಗೆ ಕೇಳಿದರೆ ಅವನು ಈಗಲೂ ನಿಮಗೆ ಎಲ್ಲಾದರೂ ಒಂದು ಕೆಲಸ ಹುಡುಕಿಕೊಡುತ್ತಾನೆ, ಅವನು ಅಂಥ ದಡ್ಡ. ನಾನು ಅಲ್ಲ. ನಿಮ್ಮ ಮೇಲೆ ಸಿಟ್ಟು ಇಲ್ಲ. ಸಿಟ್ಟು ಇದ್ದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ, ಒಂದು ಮಾತಿನಲ್ಲಿ ಮುಗಿಸುತ್ತಿದ್ದೆ.

ಆ ಸುಂಕದ ಕಟ್ಟೆಯ ಹತ್ತಿರ ಮಾತ್ರ, ಸಾಧ್ಯವಾದರೆ, ಅಲ್ಲಿ ಉಪ್ಪು ತೂಗುತ್ತಿದ್ದರು ಎಂದು ಹೇಳಿ. ಅಷ್ಟು ಹೇಳಿದರೂ ಜನ ಕೇಳುತ್ತಾರೆ.

ಇಂತಿ,
ಕಿಟಕಿ ಪಕ್ಕದ ಸೀಟು

ಮರೆತ ಮಾತು: ನಾಳೆ ಹಾಕಿಸುತ್ತೇನೆ, ನಾಳೆ ಹಾಕಿಸುತ್ತೇನೆ ಎನ್ನುತ್ತಲೇ ನೀವು ಹೊರಟುಹೋದಿರಲ್ಲ, ನಮ್ಮ ಮುಂಬಾಗಿಲ ಒಳಗಿನ ಚಿಲಕ, ಅದು ಇಷ್ಟು ವರ್ಷ ಹಾಗೆಯೇ ಮುರಿದುಕೊಂಡು ಇತ್ತು. ಬಡಗಿಯ ಅಂಗಡಿ ನಮ್ಮ ಬೀದಿಯಲ್ಲೇ ಇದೆ, ನಾನೇ ಕರೆಯಲಿಲ್ಲ. ದಿನಾ ಮಲಗುವಾಗ ಬಾಗಿಲಿಗೆ ಒಂದು ಬೆತ್ತದ ಕುರ್ಚಿ ಒತ್ತಿಡುತ್ತಿದ್ದೆ, ಹೊರಗಿನಿಂದ ಮೆಲ್ಲಗೆ ತಳ್ಳಿದರೂ ಸರಿಯುವಂಥದ್ದು. ಮಗಳು ಕೇಳಿದಾಗ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ ಎಂದಿದ್ದೆ. ಇವತ್ತು ಬೆಳಿಗ್ಗೆ ಬಡಗಿಯನ್ನು ಕರೆಸಿ ಹಿತ್ತಾಳೆಯ ಚಿಲಕ ಹಾಕಿಸಿದೆ, ಗಟ್ಟಿಯಾಗಿ ಕೂತಿದೆ. ಮುಂದಿನ ಭಾನುವಾರದಿಂದ ನೀವು ಆ ಕಥೆಯನ್ನು ಧೈರ್ಯವಾಗಿ ಹೇಳಬಹುದು. ರಾಣಿ ಅಗುಳಿ ಹಾಕಿದ್ದು ನಿಜ.